ಬಣ್ಣಗೆಟ್ಟ ಹವಳ

ಮನುಷ್ಯನಿಗೆ ಯಾವುದಾದರೂ ಒಂದು ವಿದ್ಯೆಯಲ್ಲಿ ಮನೆಯೊಳಗೇ ಹೆಸರು ಬಂದುಬಿಟ್ಟರೆ ಅವನ ಕಥೆ ಮುಗಿಯಿತೆಂದೇ ಲೆಕ್ಕ. ಊರಲ್ಲಿ ಹೆಸರಾದವನನ್ನು ತಿದ್ದಲು ಮನೆಯವರಿರುತ್ತಾರೆ. ಮನೆಯಲ್ಲೇ ಹೆಸರಾದವನನ್ನು ತಿದ್ದಲು ಯಾರೂ ಇರುವುದಿಲ್ಲ. ನನಗೆ ಹೆಸರು ಬಂದದ್ದು ಬಣ್ಣದಲ್ಲಿ. ಹೈದರಾಬಾದಿನ ಸನತ್‌ನಗರದ ಒಂದು ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ಗಿರಾಕಿ ಒಂದು ಚೂರು ತಗಡು ತಂದು ಇದೇ ಬಣ್ಣ ಬೇಕು ಎಂದರೆ, ಡಬ್ಬಕ್ಕೆ ಎಷ್ಟು ಕೆಂಪು, ಎಷ್ಟು ಹಳದಿ ಬೀಳಬೇಕೆಂದು ಕಣ್ಣಂದಾಜಿನಲ್ಲೇ ಹೇಳುತ್ತಿದ್ದೆ. ನಮ್ಮೂರು ಲಿಂಗಸುಗೂರಿನ ಕಡೆಯಿಂದ ನೆಂಟರು ಯಾರೇ ಹೈದರಾಬಾದಿಗೆ ಬರಲಿ, ಸೀರೆಗೆ ಒಪ್ಪುವ ಬ್ಲೌಸ್ ಪೀಸ್ ಆರಿಸಲು ನನ್ನನ್ನೇ ಕೋಠಿಯ ಬಟ್ಟೆ ಅಂಗಡಿಗಳಿಗೆ ಎಳೆದುಕೊಂಡು ಹೋಗುವುದು ವಾಡಿಕೆ. ಅಂಗಡಿಯವನು ಬಟ್ಟೆಯ ಥಾನು ಬಿಚ್ಚುವ ಮೊದಲೇ "ಅದಲ್ಲಪ್ಪಾ, ಅದರ ಕೆಳಗಿನದು ತೆಗಿ" ಎನ್ನುತ್ತಿದ್ದೆ. ಇಂಥವನಿಗೆ ಸೊಕ್ಕು ಬರದೆ ಇನ್ನಾರಿಗೆ ಬರಬೇಕು ಹೇಳಿ?

ನಿವೃತ್ತಿಯಾದ ಮೇಲೆ ಈ ಕಣ್ಣಿಗೆ ಕೆಲಸವಿಲ್ಲದಂತಾಯಿತು. ಅದಕ್ಕಾಗಿ ಹಾಲ್‌ನಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಹವಳ ಸಾಕತೊಡಗಿದೆ. ಹವಳವೆಂದರೆ ಉಂಗುರದಲ್ಲಿ ಕೂರುವ ಕಲ್ಲಲ್ಲ. ಅಣಬೆಯ ಹಾಗೆ, ಅಂಗಿಯ ಗುಂಡಿಯ ಹಾಗೆ ಬಂಡೆಗೆ ಅಂಟಿಕೊಂಡು ಬದುಕುವ ಮೆತ್ತನೆಯ ಜೀವಿಗಳು. ಒಂದು ಹಚ್ಚ ಹಸಿರು, ಇನ್ನೊಂದು ನೇರಳೆ. ಅಂಥ ನೇರಳೆಯನ್ನು ನಾನು ಕಾರ್ಖಾನೆಯಲ್ಲಿ ಜನ್ಮದಲ್ಲಿ ಕಲಸಿರಲಿಲ್ಲ. "ಸಮುದ್ರ ಇಲ್ಲದ ಊರಾಗ ಸಮುದ್ರದ ಜೀವ ಯಾಕ ತಂದ್ರಿ? ಪಾಪ ತಟ್ಟತೈತಿ" ಎಂದು ನನ್ನ ಹೆಂಡತಿ ಸರೋಜಾ ಮೊದಮೊದಲು ಹಾರಾಡಿದಳು. ಆಮೇಲೆ ಅವಳೇ ಸಂಜೆಯ ಚಹಾ ಹಿಡಿದು ತೊಟ್ಟಿಯ ಮುಂದೆ ಕೂರತೊಡಗಿದಳು. ಅದಕ್ಕಾಗಿ ಟಿವಿ ಧಾರಾವಾಹಿಯನ್ನೂ ಬಿಟ್ಟಳೆಂದರೆ ಹವಳದ ಮಹಿಮೆಯನ್ನು ನೀವೇ ಊಹಿಸಿಕೊಳ್ಳಿ.

ಇಷ್ಟು ಸುಖವಾಗಿದ್ದ ಮನೆಗೆ ಗ್ರಹಚಾರ ವಕ್ಕರಿಸಿತು. ಹವಳದ ಬಣ್ಣ ಇಳಿಯಹತ್ತಿತು. ನೇರಳೆ ದಿನದಿಂದ ದಿನಕ್ಕೆ ಮಂಕಾಗಿ, ಆರಿದ ಚಹಾದ ಬಣ್ಣಕ್ಕೆ ಬಂತು. ನಾನು ಬಿಡುತ್ತೇನೆಯೇ? ನೀರು ಬದಲಿಸಿದೆ. ಉಪ್ಪು ಬದಲಿಸಿದೆ. ಸ್ನಾನದ ಬಕೆಟ್ಟುಗಳೆಲ್ಲ ಉಪ್ಪುನೀರಿಗೆ ಹೋಗಿ, ನಾವಿಬ್ಬರೂ ತಪ್ಪಲೆಯಲ್ಲಿ ನೀರು ಹಿಡಿದು ಸ್ನಾನ ಮಾಡಬೇಕಾಯಿತು. ಊಟ ಜಾಸ್ತಿಯಾದರೆ ನೀರು ಕೆಡುತ್ತದೆಂದು ಹವಳದ ಜೊತೆ ಬಿಟ್ಟಿದ್ದ ಮೀನುಗಳ ಊಟ ಕಡಿಮೆ ಮಾಡಿದೆ. ಅವು ಗಾಜಿಗೆ ಮೂತಿಯಿಟ್ಟು ನನ್ನನ್ನು ದುರುಗುಟ್ಟಿ ನೋಡುತ್ತಿದ್ದವು. ನೀಲಿ ಬೆಳಕಿನಲ್ಲಿ ಹವಳ ಮೆರೆಯುತ್ತದೆಂದು ಯಾರೋ ಹೇಳಿದರು. ಒಂದು ನೀಲಿ ಲೈಟು ತಂದೆ, ಸಾಲದೆಂದು ಇನ್ನೊಂದು, ಅದರ ಮೇಲೆ ಮತ್ತೊಂದು. ನನಗೋ ತೊಟ್ಟಿ ಕತ್ತಲಾಗಿಯೇ ಕಾಣುತ್ತಿತ್ತು. "ಹಾಲ್‌ನಾಗ ಕೂಡಾಕ ಆಗವಲ್ದು, ಕಣ್ಣು ಕುಕ್ಕತಾವ" ಎಂದು ಸರೋಜಾ ಸೆರಗು ಅಡ್ಡ ಹಿಡಿದುಕೊಂಡು ಓಡಾಡುವಳು. ಎದುರು ಮನೆಯಾಕೆ ಕಿಟಕಿಯಿಂದ ಇಣುಕಿ, "ಅಂಕುಲ್, ಮೀ ಇಂಟ್ಲೋ ಫಂಕ್ಷನಾ?" ಎಂದು ತೆಲುಗಿನಲ್ಲಿ ನಮ್ಮ ಮನೆಯ ಸಮಾರಂಭ ವಿಚಾರಿಸಿದಳು.

ಕೊನೆಗೆ ಹವಳ ಮಾರಿದ ಅಂಗಡಿಯವನನ್ನೇ ಮನೆಗೆ ಕರೆತಂದೆ. ಅವನು ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅರೇ ಸಾಬ್, ಕಲರ್ ತೋ ಮಸ್ತ್ ಹೈ! ಕಾಯ್ಕು ಟೆನ್ಷನ್ ಲೇರೇ?" ಎಂದು ನನ್ನ ಚಿಂತೆಯನ್ನೇ ತಳ್ಳಿಹಾಕಿದ. ವ್ಯಾಪಾರಿ ಇನ್ನೇನು ಹೇಳಿಯಾನು! ಸರೋಜಾ ಕೂಡ ಅವನ ಪಕ್ಷ ವಹಿಸಿ, "ಚಂದ ಅದಾವಲ್ರಿ, ನಿಮಗ ಏನಾಗೈತಿ?" ಎಂದಳು. "ನಿನಗೇನು ಗೊತ್ತು? ಬಣ್ಣ ನೋಡಿ ನೋಡಿ ಪಳಗಿದ ಕಣ್ಣಿದು" ಎಂದು ಗದರಿ, ಅವು ನನ್ನೆದುರೇ ಸಾಯುವುದು ಬೇಡ, ಬರುವ ಭಾನುವಾರ ಎಲ್ಲವನ್ನೂ ಅಂಗಡಿಗೆ ವಾಪಸು ಕೊಡುವುದೆಂದು ಸಾರಿಬಿಟ್ಟೆ. ಸರೋಜಾ ಮಾತು ಬಿಟ್ಟಳು. ತಟ್ಟೆಗೆ ಬೀಳುವ ರೊಟ್ಟಿಯ ಸದ್ದಿನಲ್ಲೇ ಅವಳ ಸಿಟ್ಟು ತಿಳಿಯುತ್ತಿತ್ತು. ಊರವರ ಬಣ್ಣವನ್ನೆಲ್ಲ ಕಾಪಾಡಿದವನಿಗೆ ಮನೆಯ ನಾಲ್ಕು ಹವಳದ ಬಣ್ಣ ಕಾಪಾಡಲಾಗಲಿಲ್ಲವಲ್ಲ!

ಭಾನುವಾರಕ್ಕೆ ಮುಂಚೆ, ನಾಚಾರಂನಲ್ಲಿರುವ ಸರೋಜಾಳ ತಂಗಿ ಪ್ರೇಮಾ ಒಂದು ರೇಷ್ಮೆ ಸೀರೆ ಹಿಡಿದು ಬಂದಳು. ಯಾವುದೋ ಮದುವೆಗೆ ಉಡಬೇಕು, ಬ್ಲೌಸ್ ಪೀಸ್ ಆಗಬೇಕು. ಸೀರೆ ಚೀಲದಲ್ಲಿಟ್ಟುಕೊಂಡು ಕೋಠಿಗೆ ಹೋದೆ. ಅಂಗಡಿಯ ಹುಡುಗ "ಚಾಚಾ, ಯೇ ಮ್ಯಾಚ್ ನಹೀ ಹೋತಾ" ಎಂದು ಗೋಗರೆದ. ಬಣ್ಣದ ಬಗ್ಗೆ ಅವನಿಗೆ ಒಂದು ಸಣ್ಣ ಪಾಠ ಮಾಡಿ, ನಾನು ಆರಿಸಿದ್ದನ್ನೇ ಕತ್ತರಿಸಿಕೊಂಡು ಬಂದೆ.

ಪೀಸ್ ನೋಡಿದ ಪ್ರೇಮಾ ಅಕ್ಕನ ಮುಖ ನೋಡಿದಳು. ಸರೋಜಾ ಅದನ್ನು ಕಸಿದುಕೊಂಡು ಹೋಗಿ ತೊಟ್ಟಿಯ ಗಾಜಿಗೆ ಹಿಡಿದಳು.

"ಈ ಹವಳ, ಈ ಅರಿವಿ, ಎರಡೂ ಒಂದ ಬಣ್ಣ ಏನ್ರಿ ನಿಮಗ?"

"ಒಂದೇ. ಎರಡೂ ಕಂದು."

"ಮತ್ತ ಸೀರಿ?"

"ಅದೂ ಕಂದು. ಅದಕ್ಕೇ ಅಲ್ಲೇನು ಇದನ್ನು ತಂದದ್ದು!"

ಪ್ರೇಮಾ ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಸರೋಜಾ ನಗಲಿಲ್ಲ. "ಸೀರಿ ನೇರಳಿ ಐತ್ರೀ. ಹವಳಾನೂ ನೇರಳಿ. ಏಳ್ರಿ, ಮೊದಲು ಕಣ್ಣಿನ ಡಾಕ್ಟರ ಹತ್ರ ನಡೀರಿ" ಎಂದಳು. ಅವಳಾಗಲೇ ಚಪ್ಪಲಿ ಮೆಟ್ಟಿದ್ದಳು.

ಎರಡೂ ಕಣ್ಣಿಗೆ ಪೊರೆ ಬಂದು ಹಣ್ಣಾಗಿದೆಯಂತೆ. ಹಳದಿ ಕನ್ನಡಕ ಹಾಕಿಕೊಂಡು ಲೋಕ ನೋಡಿದ ಹಾಗಂತೆ. ಮೊದಲು ಹೋಗುವುದೇ ನೀಲಿ, ನೇರಳೆಯಂತೆ. ಡಾಕ್ಟರು ಮೆಲ್ಲಗೆ ವಿವರಿಸುತ್ತಿದ್ದರೆ ನನಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದವನು ಚಪ್ಪಲಿ ಕೂಡ ಕಳಚದೆ ತೊಟ್ಟಿಯ ಮುಂದೆ ನಿಂತೆ. ಅಬ್ಬಬ್ಬಾ! ಎಂಥ ನೇರಳೆ ಅದು, ಎಂಥ ಹಸಿರು! ಸಂತೋಷಕ್ಕೆ ಕಣ್ಣು ತುಂಬಿ ಬಂತು. ಹುರುಪಿನಲ್ಲಿ ನೀಲಿ ಲೈಟುಗಳನ್ನೆಲ್ಲ ಒಟ್ಟಿಗೆ ಹಾಕಿದೆ. "ಅಯ್ಯಯ್ಯೋ, ಸತ್ತೆ!" ಎಂದು ಚೀರಿ, ಮುಖ ಮುಚ್ಚಿಕೊಂಡು ನಾನೇ ಆರಿಸಿದೆ.

"ಇಷ್ಟು ಬೆಳಕಲ್ಲಿ ಇವು ಹೇಗೆ ಬದುಕಿದವು?" ಎಂದೆ.

"ನೀವು ಮಧ್ಯಾಹ್ನ ಮಲಗಿದ ಕೂಡ್ಲೆ ನಾನ ಆರಿಸ್ತಿದ್ದೆ. ಮೀನಿಗೆ ಊಟಾನೂ ನಾನ ಹಾಕ್ತಿದ್ದೆ" ಎಂದಳು ಸರೋಜಾ, ಏನೂ ಆಗದವಳಂತೆ.

ಮುಖ ಆಚೆ ತಿರುಗಿಸಿದೆ. ಎದುರಿಗೆ ಹಾಲ್‌ನ ಗೋಡೆ. ಹೋದ ದೀಪಾವಳಿಗೆ ಕೆನೆ ಬಣ್ಣವೆಂದು ನಾನೇ ಕೈಯಾರೆ ಕಲಸಿ ಬಳಿಸಿದ ಗೋಡೆ. ಬಿಳಿ ಧೋತರಕ್ಕೆ ನೀಲಿ ಹೆಚ್ಚಾದಾಗ ಆಗುತ್ತದಲ್ಲ, ಆ ಬಣ್ಣದಲ್ಲಿ ನಾಲ್ಕೂ ಕಡೆ ನಿಂತಿತ್ತು.

"ಇದು ನೀಲಿ!"

"ಹೌದ್ರಿ. ಬಳಿದ ದಿನದಿಂದ ನೀಲಿನ ಐತಿ."

"ಬಾಯಿ ಬಿಟ್ಟು ಹೇಳಬಾರದಿತ್ತೇನೇ?"

"ಬಣ್ಣದ ವಿಷಯದಾಗ ನಿಮಗ ಹೇಳಾಕ ನಾವ್ಯಾರ್ರಿ?"

ಇನ್ನೂ ಏನೇನು ಮುಚ್ಚಿಟ್ಟಿದ್ದೀಯ ಎಂದು ಕೇಳಿದೆ. ಅವಳು ಚಹಾದ ಕಪ್ಪು ಹಿಡಿದು ಹವಳದ ಮುಂದೆ ಆರಾಮಾಗಿ ಕೂತು, "ಇನ್ನೊಂದು ಕಣ್ಣಿಂದೂ ಆಪರೇಷನ್ ಆಗ್ಲಿ ತಡೀರಿ. ಆಮ್ಯಾಲ ಒಂದೊಂದ ನೀವ ನೋಡ್ಕೊಂತ ಬರ್ರಿ" ಎಂದಳು.

ಎಡಗಣ್ಣಿಗೆ ದಿನ ಗೊತ್ತುಮಾಡಲು ಆಸ್ಪತ್ರೆಯವರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. ಅವಸರವೇನಿಲ್ಲ, ಒಂದು ಕಣ್ಣಿಗೆ ಕಂಡಿರುವುದೇ ಸದ್ಯಕ್ಕೆ ಸಾಕಷ್ಟಾಗಿದೆ ಎಂದು ಹೇಳುತ್ತಿದ್ದೇನೆ.