ಲಿಮಾದ ಊಟಕ್ಕೆ ಡೊಂಬಿವಲಿಯ ಉಪವಾಸ

ನಮ್ಮವರು ಲಿಮಾಕ್ಕೆ ಹೋಗಬೇಕೆಂಬ ಸುದ್ದಿ ಬಂದಾಗ ನಾನು ಡೊಂಬಿವಲಿಯ ನಮ್ಮ ಅಡಿಗೆಮನೆಯಲ್ಲಿ ಬಸಳೆಯ ದಂಟು ಕತ್ತರಿಸುತ್ತಿದ್ದೆ. ಅವರು ಆಟೋರಿಕ್ಷಾ ರಿಪೇರಿ ಕಲಿಸುವವರು. ದಕ್ಷಿಣ ಅಮೆರಿಕದ ಆ ಊರಿನಲ್ಲೂ ನಮ್ಮ ದೇಶದ ಆಟೋಗಳು ಓಡುತ್ತವಂತೆ, ಅಲ್ಲಿಯ ಮೆಕ್ಯಾನಿಕ್‌ಗಳಿಗೆ ಆರು ತಿಂಗಳು ಕಲಿಸಬೇಕಂತೆ. ಅದೂ ಪೇಟೆಯೊಳಗಲ್ಲ, ಉತ್ತರದ ತುದಿಯಲ್ಲಿ, ಬಸ್ಸು ನಿಂತು ಬೋಳುಗುಡ್ಡ ಶುರುವಾಗುವಲ್ಲಿ. ಕಲ್ಯಾಣದಾಚೆ ಟಿಟ್ವಾಳ ಇದ್ದ ಹಾಗೆ ಎಂದುಕೊಂಡೆ. ಟಿಟ್ವಾಳದಲ್ಲಿ ಗಣಪತಿ ಇದ್ದಾನೆ. ಅಲ್ಲಿಯೂ ಯಾರಾದರೂ ಇದ್ದಾರು.

ನನ್ನ ಚಿಂತೆ ಊಟದ್ದು. ಇವರು ಎಂಜಿನ್ ಬಿಚ್ಚಿ ಜೋಡಿಸಬಲ್ಲರು, ಕುಕ್ಕರಿನ ಮುಚ್ಚಳ ಹಾಕಲಾರರು. ನಾನು ತಂಗಿಯ ಬಾಣಂತನಕ್ಕೆ ಹೋದಾಗ ನಾಲ್ಕು ದಿನ ಪಾವ್, ಬಾಳೆಹಣ್ಣಿನಲ್ಲಿ ಬದುಕಿದವರು. ಮೇಲಾಗಿ ಮೀನು ಮಾಂಸ ಮುಟ್ಟುವವರಲ್ಲ. ಅದಕ್ಕೇ ಹನುಮಂತನಿಗೆ ಹರಕೆ ಹೊತ್ತೆ: ಅವರು ಮರಳುವವರೆಗೆ ಪ್ರತಿ ಶನಿವಾರ ನಾನು ಉಪವಾಸ, ಅಲ್ಲಿ ಅವರಿಗೆ ಯಾರಾದರೂ ಬಿಸಿ ಅನ್ನ ಬಡಿಸಲಿ. ನನ್ನ ಭಕ್ತಿ ದೊಡ್ಡದು, ಹಸಿವು ಅದಕ್ಕಿಂತ ತುಸು ದೊಡ್ಡದು. ಭಾನುವಾರದ ಬೆಳಗನ್ನು ನನ್ನಷ್ಟು ಆಸೆಯಿಂದ ಕಾಯುವವರು ಈ ಬಿಲ್ಡಿಂಗಿನಲ್ಲಿಲ್ಲ.

ಎರಡು ತಿಂಗಳು ಹರಕೆ ಫಲಿಸುವ ಲಕ್ಷಣ ಕಾಣಲಿಲ್ಲ. ವಾರಕ್ಕೊಮ್ಮೆ ಸಂಜೆ ಫೋನಿನಲ್ಲಿ ಕಂಡಾಗಲೆಲ್ಲ ಅವರ ಕೆನ್ನೆ ಇನ್ನಷ್ಟು ಒಳಗೆ ಹೋಗಿರುತ್ತಿತ್ತು. ಕೇಳಿದರೆ, ಬ್ರೆಡ್ಡು ಉಂಟಲ್ಲ ಎನ್ನುತ್ತಿದ್ದರು.

ಕಳೆದ ಭಾನುವಾರ ಮಾತ್ರ ಕರೆ ಬೆಳಿಗ್ಗೆ ಆರೂವರೆಗೇ ಬಂತು. ನಾನು ಪೂಜೆ ಮುಗಿಸಿ ನಾಲ್ಕನೆಯ ಇಡ್ಲಿಗೆ ಕೈ ಹಾಕಿದ್ದೆ. ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ವನಜಕ್ಕನೂ ಇಣುಕಿದರು. ನೋಡುತ್ತೇನೆ, ಇವರು ತಮ್ಮ ಬಾಡಿಗೆಮನೆಯ ಒಡತಿಯ ಮೇಜಿನ ಮುಂದೆ ಕುಳಿತಿದ್ದಾರೆ. ತಟ್ಟೆಯಲ್ಲಿ ಹಬೆಯಾಡುವ ಅನ್ನ, ಬೀನ್ಸ್ ಕಾಳಿನ ಗಸಿಯಂಥದ್ದು, ಹುರಿದ ಬಾಳೆಹಣ್ಣು. ಆ ಅಜ್ಜಿ ಏನೋ ಕೇಳುತ್ತಾರೆ, ಇವರಿಗೆ ಅರ್ಥವಾಗುವುದಿಲ್ಲ, ತಲೆ ಆಡಿಸುತ್ತಾರೆ, ಮತ್ತೊಂದು ಸೌಟು ಬೀಳುತ್ತದೆ. ನನ್ನ ಕಣ್ಣು ತುಂಬಿತು.

ವನಜಕ್ಕ ಮಾತ್ರ ಕಿಟಕಿಯಾಚೆಯ ಕತ್ತಲೆಯನ್ನು, ಗುಡ್ಡದ ತುಂಬ ಹೊತ್ತಿದ ದೀಪಗಳನ್ನು ನೋಡಿ, ಅಲ್ಲಿ ಇವತ್ತು ಯಾವ ವಾರ ಎಂದು ವಿಚಾರಿಸಿದರು. ಶನಿವಾರ, ರಾತ್ರಿ ಎಂಟು ಗಂಟೆ ಎಂದರು ಇವರು. ವನಜಕ್ಕ ನನ್ನ ತಟ್ಟೆಯ ಕಡೆ ತಿರುಗಿದರು.

"ಹರಕೆ ಅವರ ಊಟಕ್ಕಲ್ವಾ ಮಾರಾಯ್ತಿ? ಹಾಗಾದ್ರೆ ಅಲ್ಲಿಯ ಶನಿವಾರವೇ ಲೆಕ್ಕ, ಅದು ಇನ್ನೂ ಮುಗಿಲೇ ಇಲ್ಲ. ನೀನು ಇಡ್ಲಿ ತಿನ್ತಾ ಇದ್ದಿ."

ಕೈಯಲ್ಲಿದ್ದ ಇಡ್ಲಿಯನ್ನು ತಟ್ಟೆಗೆ ಹಾಕಿದೆ. ಬೆರಳು ಮಡಚಿ ನೋಡಿದೆ. ಅಲ್ಲಿಯ ಶನಿವಾರ ಮುಗಿಯುವುದು ನಮ್ಮ ಭಾನುವಾರ ಹತ್ತೂವರೆಗೆ. ಅಂದರೆ ಇಷ್ಟು ವಾರವೂ ನಾನು ಉಪವಾಸ ಪೂರ್ತಿ ಮಾಡಿಯೇ ಇಲ್ಲ. ಹೆದರಿ ಇವರನ್ನೇ ಕೇಳಿದೆ, ಎಷ್ಟು ಸಲ ಬಡಿಸಿಕೊಂಡಿರಿ ಎಂದು.

"ಮೂರು ಸಲ. ಈ ವಾರ ಪೂರ್ತಿ ಹೀಗೇ. ಅಜ್ಜಿಯ ಕೈರುಚಿ ಉಂಟಲ್ಲ, ನಿನ್ನ ಹುಳಿಗಿಂತ ಒಂದು ಕೈ ಮೇಲೆ."

ಮನಸ್ಸು ಹಗುರಾಯಿತು. ಸಮುದ್ರ ಹಾರಿದವನಿಗೆ ಗಡಿಯಾರದ ಹಂಗೆಲ್ಲಿಯದು? ನನ್ನ ಅರೆಬರೆ ಶನಿವಾರಗಳನ್ನೂ ಅವನು ಒಪ್ಪಿಕೊಂಡಿದ್ದಾನೆ. ನಾಲ್ಕನೆಯ ಇಡ್ಲಿಯನ್ನು ಧೈರ್ಯವಾಗಿ ಮುಗಿಸಿ ದೇವರ ಮುಂದೆ ಮತ್ತೊಮ್ಮೆ ಕೈಮುಗಿದೆ. ಬಿಸಿ ಅನ್ನ ಹೀಗೆಯೇ ಸಿಗುತ್ತಿರಲಿ ತಂದೆ, ಆ ಕಾಳಿಗೆ ಮಾತ್ರ ಉಪ್ಪು ಒಂದು ಚಿಟಿಕೆ ಕಡಿಮೆ ಬೀಳಲಿ ಎಂದು ಬೇಡಿ, ನಲ್ಲಿಯಲ್ಲಿ ನೀರು ಬಂದ ಸದ್ದಾಯಿತೆಂದು ಕೊಡ ತುಂಬಿಸಲು ಎದ್ದೆ.