ಕಟಕಟೆಯಲ್ಲಿ ಸಿಕ್ಕಿದ ಕಾಲು

“ಇವತ್ತು ಈ ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಅಡುಗೆಮನೆಗೆ ಕಾಲಿಡಕೂಡದು! ಮಧ್ಯಾಹ್ನದ ಊಟ ನನ್ನ ಜವಾಬ್ದಾರಿ!”

ಉದ್ದನೆಯ ರಜೆಯ ಮೊದಲ ಬೆಳಿಗ್ಗೆ ಡ್ರಿಲ್ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಬಲಗಾಲು ಮಂಡಿಯಿಂದ ಪಾದದವರೆಗೆ ಪ್ಲಾಸ್ಟರಿನೊಳಗಿತ್ತು. ಹೊರಗೆ ಕಾಣುತ್ತಿದ್ದದ್ದು ಐದು ಬೆರಳು ಮಾತ್ರ. ಕಂಕುಳಲ್ಲಿ ಎರಡು ಊರುಗೋಲು, ಕೊರಳಲ್ಲಿ ಎಂದಿನ ಸೀಟಿ.

“ಕಾಲಿಡೋ ಮಾತು ನೀವು ಆಡಬೇಡಿ ಮೇಷ್ಟ್ರೇ, ಕೇಳೋಕೆ ಸಂಕಟ ಆಗುತ್ತೆ,” ಎಂದರು ಷಡ್ಡಕರು. ಔಷಧಿ ಅಂಗಡಿ ಇಟ್ಟುಕೊಂಡಿದ್ದ ಈ ಹಿರಿಯರು ಹೆಂಡತಿಯೊಡನೆ ರಜೆ ಕಳೆಯಲು ಹಿಂದಿನ ದಿನವೇ ಬಂದಿದ್ದರು. ಬಂದಾಗಿನಿಂದ ಮೇಷ್ಟ್ರ ಕಾಲೆಳೆಯುವುದನ್ನು ಬಿಟ್ಟು ಬೇರೆ ಉದ್ಯೋಗ ಮಾಡಿರಲಿಲ್ಲ.

ಎಳೆಯಲು ವಿಷಯವೂ ಇತ್ತೆನ್ನಿ. ಎತ್ತರದಿಂದ ಜಿಗಿದಾಗ ಪೆಟ್ಟಾಗದಂತೆ ಇಳಿಯುವುದು ಹೇಗೆಂದು ಮಕ್ಕಳಿಗೆ ತೋರಿಸಲು ಹೋಗಿ ಮೇಷ್ಟ್ರು ಕಾಲು ಮುರಿದುಕೊಂಡಿದ್ದರು. ಮಕ್ಕಳು ಅದನ್ನೂ ಪಾಠದ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟಿದ್ದರು!

ಅಂದಿನಿಂದ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿಯ ಪಾಡು ಹೇಳತೀರದು. ಹಗಲೆಲ್ಲ ಊರಿನವರ ದೃಷ್ಟಿ ಪರೀಕ್ಷೆ, ಮನೆಗೆ ಬಂದರೆ ಸಹನೆಯ ಪರೀಕ್ಷೆ. “ಲೇ, ನೀರು!” “ಲೇ, ದಿಂಬು!” “ಲೇ, ಪ್ಲಾಸ್ಟರಿನೊಳಗೆ ತುರಿಸ್ತಾ ಇದೆ, ಕಡ್ಡಿ!” ಹೀಗೆ ವಾರಗಟ್ಟಲೆ ನಡೆದ ಮೇಲೆ, ಆಕೆ ಅಕ್ಕನ ಹತ್ತಿರ ಪಿಸುಗುಟ್ಟಿದ್ದು ಹಿಂದಿನ ಸಂಜೆ ಮೇಷ್ಟ್ರ ಕಿವಿಗೆ ಬಿದ್ದಿತ್ತು: “ಒಂದೇ ಒಂದು ದಿನ ಅಕ್ಕಾ, ‘ಲೇ’ ಅನ್ನೋ ಕೂಗು ಕೇಳಿಸದ ಕಡೆ ಸುಮ್ಮನೆ ಕೂತಿರಬೇಕು.”

ಮೇಷ್ಟ್ರ ಎದೆಯಲ್ಲಿ ಏನೋ ಚುಚ್ಚಿತು. ಅದಕ್ಕೇ ಈ ಘೋಷಣೆ.

“ನೀವು ಮೂರೂ ಜನ ಕೆರೆಗೆ ಹೋಗಿ ದೋಣಿಯಲ್ಲಿ ಕೂತು ಬನ್ನಿ. ನಾನು ಒಂದು ಸಲವೂ ಫೋನ್ ಮಾಡಲ್ಲ. ಬರೋ ಹೊತ್ತಿಗೆ ಊಟ ಮೇಜಿನ ಮೇಲಿರುತ್ತೆ.”

“ರೀ, ನಿಜವಾಗ್ಲೂ ಮಾಡ್ತೀರಾ?” ಹೆಂಡತಿಯ ಮುಖದಲ್ಲಿ ಆಸೆಯೂ ಅನುಮಾನವೂ ಕಣ್ಣಾಮುಚ್ಚಾಲೆ ಆಡುತ್ತಿದ್ದವು.

“ನಾಕ್ನೂರು ಮಕ್ಕಳನ್ನ ಒಂದು ಸೀಟಿಯಲ್ಲಿ ನಿಲ್ಲಿಸೋನು ನಾನು. ನಾಕು ಕ್ಯಾರೆಟ್ ಬೇಯಿಸಲಾರೆನಾ?”

ಅವರು ಹೋದರು. ಮೇಷ್ಟ್ರು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಅಕ್ಕಪಕ್ಕದವರು ಅನುಕಂಪ ಹಿಡಿದುಕೊಂಡು ಒಳಗೆ ಬಂದುಬಿಟ್ಟರೆ ಸಾಧನೆಯಲ್ಲಿ ಪಾಲು ಕೊಡಬೇಕಾಗುತ್ತದಲ್ಲ! ಆಮೇಲೆ ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತು ತರಕಾರಿ ಹೆಚ್ಚಿದರು. ದೊಡ್ಡ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟರು. ನೀರು ಎಷ್ಟು ಎಂದು ಯೋಚಿಸಿದರು. ತರಕಾರಿಯಲ್ಲಿಯೇ ನೀರಿರುತ್ತದೆಂದು ವಿಜ್ಞಾನದ ಮೇಷ್ಟ್ರು ಹೇಳಿದ್ದು ನೆನಪಾಗಿ, ಒಂದು ಲೋಟಕ್ಕೆ ನಿಲ್ಲಿಸಿದರು.

ಬೇಯುವವರೆಗೆ ಬಾಲ್ಕನಿಯಲ್ಲಿ ವಿಶ್ರಾಂತಿ. ಕಾಲನ್ನು ಸದಾ ಎತ್ತರದಲ್ಲಿಡಬೇಕೆಂದು ಡಾಕ್ಟರ್ ಹೇಳಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎದುರಿಗಿನ ಕಟಕಟೆಯ ಎರಡು ಕಂಬಿಗಳ ನಡುವೆ ಪಾದ ತೂರಿಸಿದರೆ, ಆಹಾ, ಅಳತೆ ಕೊಟ್ಟು ಮಾಡಿಸಿದಂತಿತ್ತು! ಬೆರಳುಗಳಿಗೆ ಬೀದಿಯ ಗಾಳಿ ತಾಕಿತು. ಮಹಾರಾಜರು ಸುಖವಾಗಿ ನಿದ್ದೆ ಹೋದರು.

ಎಬ್ಬಿಸಿದ್ದು ಸೀದ ವಾಸನೆ.

“ಅಯ್ಯೋ, ಪಾತ್ರೆ!” ಎಂದು ಮೇಷ್ಟ್ರು ಧಡಕ್ಕನೆ ಮೇಲೇಳಲು ನೋಡಿದ್ದೇ ತಡ, ಕುರ್ಚಿ ಹಿಂದಕ್ಕೆ ಜಾರಿತು. ಮೇಷ್ಟ್ರು ಮುಂದಕ್ಕೆ ಜಾರಿದರು. ಪ್ಲಾಸ್ಟರಿನ ದಪ್ಪ ಭಾಗ ಕಂಬಿಗಳ ನಡುವೆ ಗಬಕ್ಕನೆ ಸಿಕ್ಕಿಕೊಂಡಿತು. ಆಚೆ ಪಾದ ಅಡ್ಡಕ್ಕೆ ತಿರುಗಿ ಚಿಲಕ ಹಾಕಿದಂತಾಯಿತು. ಮೇಷ್ಟ್ರು ನೆಲದ ಮೇಲೆ ಕೂತೇ ಎಳೆದರು, ತಿರುಗಿಸಿದರು, ಬೈದರು, ಬೇಡಿಕೊಂಡರು. ಕಾಲು ಬರಲೊಲ್ಲದು. ಊರುಗೋಲುಗಳು ಗೋಡೆಗೆ ಒರಗಿ ತಮಾಷೆ ನೋಡುತ್ತಿದ್ದವು. ಕಾಲಿಗೆ ಬುದ್ಧಿ ಹೇಳೋಣವೆಂದರೆ, ಕಾಲು ಹೇಳಿದ್ದು ಕೇಳುವ ಸ್ಥಿತಿಯಲ್ಲಿರಲಿಲ್ಲ!

ಫೋನು ಸೋಫಾದ ಮೇಲಿತ್ತು. ಉಳಿದದ್ದು ಸೀಟಿ ಒಂದೇ. ಮೇಷ್ಟ್ರು ಉಸಿರು ಬಿಗಿಹಿಡಿದು ಊದಿದರು.

ಕೆಳಗೆ ಆಡುತ್ತಿದ್ದ ಬೀದಿಯ ಮಕ್ಕಳು ತಕ್ಷಣ ಸಾಲಾಗಿ ನಿಂತರು! ಇನ್ನೊಮ್ಮೆ ಊದಿದರು. ಮಕ್ಕಳು ಎರಡೂ ಕೈ ಮೇಲೆತ್ತಿದರು.

“ಅದಲ್ರೋ! ಕಾಪಾಡಿ!” ಎಂದು ಮೇಷ್ಟ್ರು ಅರಚಿದರು.

“ಕಾ-ಪಾ-ಡಿ!” ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿ ಕೈ ಕೆಳಗಿಳಿಸಿದರು.

ಈ ಕವಾಯತು ಕೇಳಿ ಹೊರಬಂದವರು ಕೆಳಮನೆಯ ನಿವೃತ್ತ ಸ್ಟೇಷನ್ ಮಾಸ್ಟರು. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. ತಲೆಯೆತ್ತಿ ನೋಡಿದರು. ಎರಡನೇ ಮಹಡಿಯಿಂದ ಬಿಳಿಯ ಕಾಲೊಂದು ಕೈಮರದಂತೆ ಚಾಚಿಕೊಂಡಿತ್ತು. ಅದರ ಹಿಂದೆ ಕಿಟಕಿಯಿಂದ ಹೊಗೆ.

“ಮೇಷ್ಟ್ರೇ! ಹೊಗೆ ಬರ್ತಾ ಇದೆ!”

“ಗೊತ್ತು ಸಾರ್! ನಾನೂ ಬರ್ತಿದ್ದೆ, ಆದ್ರೆ ಕಾಲು ಬಿಡ್ತಿಲ್ಲ!”

ಸ್ಟೇಷನ್ ಮಾಸ್ಟರು ಮೇಲೆ ಓಡಿಬಂದು ನೋಡಿದರೆ ಬಾಗಿಲಿಗೆ ಒಳಚಿಲಕ. ಮತ್ತೆ ಕೆಳಗೋಡಿ ಕೂಗಿದರು: “ನಿಮ್ಮ ಮನೆಯವರಿಗೆ ಫೋನ್ ಮಾಡ್ತೀನಿ!”

“ಬೇಡ! ನಿಮ್ಮ ದಮ್ಮಯ್ಯ! ಬೇರೆ ಯಾರಿಗೆ ಬೇಕಾದ್ರೂ ಮಾಡಿ, ಅವಳಿಗೆ ಮಾತ್ರ ಬೇಡ!”

ಹೊಗೆ ನುಂಗಿ ಕೆಮ್ಮುತ್ತಲೇ ಮೇಷ್ಟ್ರು ಹೇಳಿದ ಈ ಮಾತು ಮನಃಪೂರ್ವಕವಾದದ್ದು. ಪಾತ್ರೆ ಹೋಗಲಿ, ಕಾಲು ಹೋಗಲಿ, ಮಾನವಂತೂ ಆಗಲೇ ಹೋಗಿತ್ತು. ಆಕೆಯ ಒಂದು ದಿನವಾದರೂ ಉಳಿಯಲಿ ಎಂದು ಅವರ ಆಸೆ. ಸ್ಟೇಷನ್ ಮಾಸ್ಟರು ಮಾತ್ರ ‘ಯಾರಿಗೆ ಬೇಕಾದರೂ’ ಎಂಬುದನ್ನು ಅಕ್ಷರಶಃ ಪಾಲಿಸಿದರು. ಸ್ವಲ್ಪ ಹೊತ್ತಿನಲ್ಲೇ ಗಂಟೆ ಬಾರಿಸುತ್ತ ಅಗ್ನಿಶಾಮಕ ದಳದ ಕೆಂಪು ಗಾಡಿ ಬೀದಿಗೆ ನುಗ್ಗಿತು. ಇಡೀ ಬೀದಿಗೆ ರಜೆ ಇದ್ದದ್ದರಿಂದ ಜನಕ್ಕೇನೂ ಕೊರತೆಯಾಗಲಿಲ್ಲ.

ಏಣಿ ಬಾಲ್ಕನಿಗೆ ತಾಗಿತು. ಮೊದಲು ಹತ್ತಿ ಬಂದದ್ದು ದಳದ ಮೇಲಧಿಕಾರಿಣಿ. ಮೇಷ್ಟ್ರು ಕೃತಜ್ಞತೆಯಿಂದ ಕೈ ಚಾಚಿದರು. ಆಕೆ ಆ ಕೈಯನ್ನೂ ಕಾಲನ್ನೂ ದಾಟಿಕೊಂಡು ಅಡುಗೆಮನೆಗೆ ಹೋದರು.

“ಮೊದಲು ಬೆಂಕಿ. ಆಮೇಲೆ ಕಾಲು.”

ಒಲೆ ಆರಿಸಿ, ಇದ್ದಿಲಾಗಿದ್ದ ಕ್ಯಾರೆಟ್ಟುಗಳ ಪಾತ್ರೆಯನ್ನು ನೀರಿಗಿಟ್ಟು, ಬಾಗಿಲಿನ ಚಿಲಕ ತೆಗೆದು ಬಂದ ಮೇಲೆ ಆಕೆ ಸೊಂಟದ ಮೇಲೆ ಕೈಯಿಟ್ಟು ವಿಚಾರಣೆ ಶುರುಮಾಡಿದರು. “ಕಾಲನ್ನ ಇಲ್ಲಿ ಯಾಕಿಟ್ರಿ?”

“ಡಾಕ್ಟ್ರು ಎತ್ತರದಲ್ಲಿಡಿ ಅಂದ್ರು.”

“ಎರಡನೇ ಮಹಡಿ ಸಾಕಾಯ್ತಾ?”

ಕಟಕಟೆಯಲ್ಲಿ ಸಿಕ್ಕ ಆರೋಪಿ ಏನು ತಾನೇ ವಾದಿಸಿಯಾನು!

ಎಣ್ಣೆ ಸುರಿದರು, ಸೋಪು ಸವರಿದರು. ಕಾಲು ಜಾರಲಿಲ್ಲ, ಹಿಡಿದಿದ್ದವರೆಲ್ಲ ಜಾರಿದರು. ಕೊನೆಗೆ ಆಕೆ ಕಂಬಿ ಕತ್ತರಿಸುವ ಯಂತ್ರ ತರಿಸಿದಾಗ, ಕೆಳಗಿನಿಂದ ಸ್ಟೇಷನ್ ಮಾಸ್ಟರ ಆರ್ತನಾದ ಕೇಳಿಸಿತು.

“ಕಂಬಿ ಮುಟ್ಟಬೇಡಿ! ಹೋದ ವಾರ ತಾನೇ ಬಣ್ಣ ಹೊಡೆಸಿದ್ದೀವಿ! ಕಾಲು ಕತ್ತರಿಸಿ!”

ಬೀದಿಯ ಜನರೆಲ್ಲ ಅವರತ್ತ ತಿರುಗಿದರು.

“ಅಂದ್ರೆ... ಪ್ಲಾಸ್ಟರ್! ಪ್ಲಾಸ್ಟರ್ ಕತ್ತರಿಸಿ ಅಂದೆ!”

ಸಣ್ಣ ಗರಗಸ ಕರಕರ ಎನ್ನುತ್ತ ಕೆಲಸ ಆರಂಭಿಸಿತು. ಸರಿಯಾಗಿ ಆಗಲೇ ಕೆರೆಗೆ ಹೋದವರ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು. ಹಸಿದುಕೊಂಡು ಊಟಕ್ಕೆಂದು ಬಂದಿದ್ದರು, ಪಾಪ. ಹೆಂಡತಿ ಕೆಂಪು ಗಾಡಿ ಕಂಡಳು, ಏಣಿ ಕಂಡಳು, ಬಿಳುಚಿಕೊಂಡಳು. ಏಣಿಯ ತುದಿಯಲ್ಲಿ ಪರಿಚಯದ ಐದು ಬೆರಳು ಕಂಡಳು. ಬೆರಳುಗಳು ಅಲುಗಾಡಿದವು.

“ರೀ! ಜೀವಂತ ಇದೀರಾ?”

“ಇದೀನಿ!” ಮೇಲಿನಿಂದ ಕ್ಷೀಣ ದನಿ. “ಊಟ ಮಾತ್ರ... ಸ್ವಲ್ಪ ತಡ ಆಗುತ್ತೆ!”

ಷಡ್ಡಕರು ಫೋನು ಹಿಡಿದು ವಿಡಿಯೊ ಮಾಡುತ್ತಲೇ ಮೆಟ್ಟಿಲು ಹತ್ತಿದರು. “ಮೇಷ್ಟ್ರೇ, ಇಷ್ಟು ವರ್ಷ ಬರೀ ಮಾತಲ್ಲಿ ಕಾಲೆಳೆದೆ. ಇವತ್ತೊಂದು ಸಲ ನಿಜವಾಗಿ ಎಳೆಯೋಕೆ ಬಿಡಿ!”

“ಭಾವಾ, ಕೈಮುಗೀತೀನಿ, ಸುಮ್ಮನಿರಿ!”

ಕಾಲು ಕೊನೆಗೂ ಹೊರಬಂತು. ಆಸ್ಪತ್ರೆಗೆ ಹೋಗಿ ಹೊಸ ಪ್ಲಾಸ್ಟರು ಹಾಕಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ಬೇಕರಿಯ ಬ್ರೆಡ್ಡು ಕಚ್ಚುತ್ತ ಎಲ್ಲರೂ ಹೊಗೆನಾತದ ನಡುಮನೆಯಲ್ಲಿ ಕೂತರು. ಮೇಷ್ಟ್ರು ಬ್ರೆಡ್ಡು ಪಕ್ಕಕ್ಕಿಟ್ಟರು. ಹೆಂಡತಿ ಅವರತ್ತ ನೋಡುತ್ತಿಲ್ಲ. ತಲೆ ತಗ್ಗಿಸಿದ್ದಾಳೆ, ಭುಜ ಅಲುಗುತ್ತಿದೆ. ಅಳುತ್ತಿದ್ದಾಳೆ!

“ತಪ್ಪಾಯ್ತು ಕಣೇ,” ಎಂದರು ಮೇಷ್ಟ್ರು. ದನಿಯಲ್ಲಿ ಸೀಟಿಯ ಗತ್ತು ಚೂರೂ ಇರಲಿಲ್ಲ. “ನಿನಗೆ ಸಿಕ್ಕಿದ್ದೇ ಒಂದು ದಿನ. ಅದನ್ನೂ ಹಾಳು ಮಾಡಿಬಿಟ್ಟೆ. ನಾಳೆ ನೀವೆಲ್ಲ ಮತ್ತೆ ಹೋಗಿ. ನಾನು ಹಾಸಿಗೆ ಬಿಟ್ಟು ಅಲ್ಲಾಡಲ್ಲ.”

ಆಕೆ ಮುಖ ಎತ್ತಿದಳು. ಕಣ್ಣಲ್ಲಿ ನೀರೇನೋ ಇತ್ತು. ಆದರೆ ಅದು ನಕ್ಕೂ ನಕ್ಕೂ ಬಂದ ನೀರು! ಮಾತಾಡಲು ಹೋದರೆ ನಗು ಉಕ್ಕಿ ಬಂದು, ಅಕ್ಕನ ತೋಳು ಹಿಡಿದುಕೊಂಡು ಇನ್ನಷ್ಟು ನಕ್ಕಳು.

“ಕೆರೆಗಾ? ಅಲ್ಲೇನಿದೆ ರೀ, ನೀರು, ದೋಣಿ, ಮತ್ತೆ ನೀರು. ಅರ್ಧ ಗಂಟೆಗೇ ಮೂವರಿಗೂ ಆಕಳಿಕೆ,” ಎಂದಳು ಕಣ್ಣೊರೆಸಿಕೊಂಡು. “ನಾಳೆ ನಾವ್ಯಾರೂ ಎಲ್ಲಿಗೂ ಹೋಗಲ್ಲ. ಭಾವಾ, ಆ ಕುರ್ಚಿಗಳನ್ನ ಈ ಕಡೆ ತಿರುಗಿಸಿ ಹಾಕಿ. ಇವರು ನಾಳೆ ಏನು ಮಾಡ್ತಾರೋ, ನಾನು ಮೊದಲಿಂದ ನೋಡಬೇಕು!”