ಮಗ್ಗವೀರನ ಮೊದಲ ಆಟ

ಒಳ್ಳೆಯ ಆಟ ಮಾಡಿದರೆ ಆಡುವವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂದು ನಾನು ದೃಢವಾಗಿ ನಂಬಿದ್ದೆ. ಎಂಥ ಪುಣ್ಯಾತ್ಮ ನಾನು!

ಕಂಪ್ಯೂಟರ್ ಇರುವ ಕೋಣೆಗೆ ಮೊಳಕಾಲ್ಮೂರಿನ ಜನ ಚಪ್ಪಲಿ ಬಿಟ್ಟು ಬರುತ್ತಿದ್ದ ಕಾಲವದು. ಚಳ್ಳಕೆರೆಯ ಭಾಮೈದ ಮಂಜುನಾಥನ ಹಳೆಯ ಕಂಪ್ಯೂಟರ್ ತಂದಿಟ್ಟುಕೊಂಡು, ವರ್ಷವಿಡೀ ಕಣ್ಣು ಕೆಂಪು ಮಾಡಿಕೊಂಡು ಒಂದು ವಿಡಿಯೋ ಗೇಮ್ ತಯಾರಿಸಿದ್ದೆ. ಹೆಸರು ‘ಮಗ್ಗವೀರ’. ಪರದೆಯ ಮೇಲಿನ ಮಗ್ಗದಲ್ಲಿ, ಎಳೆ ಹರಿಯದಂತೆ ನೂಲಿನ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಓಡಿಸಬೇಕು. ಆದರೆ ಒಬ್ಬನಾದರೂ ಆಡಲು ಬರಬೇಕಲ್ಲ! ಅಂಥದ್ದೊಂದು ಇದೆ ಎಂದೇ ಊರಿಗೆ ಗೊತ್ತಿರಲಿಲ್ಲ.

ಮಂಜುನಾಥ ಫೋನ್ ಮಾಡಿದ. “ಭಾವ, ಭಾನುವಾರ ಸಂಜೆ ಬರ್ತೀನಿ. ನಾಲ್ಕು ಜನ ಆಡೋದು ನೋಡಿದ್ರೆ ಕಂಪ್ಯೂಟರ್ ನಿಮ್ದೇ. ಇಲ್ಲಾಂದ್ರೆ ವಾಪಸ್ ಒಯ್ತೀನಿ.”

ನಾನು ತಲೆಯ ಮೇಲೆ ಕೈಹೊತ್ತು ಮೂಲೆ ಹಿಡಿದೆ. ಹೆಂಡತಿ ಪದ್ಮ ಮಾತ್ರ ಗದರಿದಳು: “ಮೂಲ್ಯಾಗೆ ಕೂತ್ರೆ ಯಾರಿಗ್ರೀ ಗೊತ್ತಾಗ್ತೈತೆ? ಆಟೋದಾಗೆ ಮೈಕ್ ಹಾಕ್ಸಿ ಕೂಗಿಸ್ರಿ!”

ಭಾನುವಾರ ಬೆಳಿಗ್ಗೆ ಆಟೋ ರಫಿಗೆ, “ಗಣಕಯಂತ್ರದಲ್ಲಿ ನೂತನ ಆಟ ಮಗ್ಗವೀರ” ಎಂದು ಬಾಯಿಪಾಠ ಮಾಡಿಸಿ, ನಮ್ಮ ಮನೆಯ ಗುರುತು ಸಾರಲೂ ಹೇಳಿ ಕಳಿಸಿದೆ. ಗಣಕಯಂತ್ರಕ್ಕೆ ಅವನ ನಾಲಿಗೆ ಹೊರಳಲಿಲ್ಲವಂತೆ. ಅದನ್ನು ಬಿಟ್ಟು, ನಷ್ಟ ತುಂಬಲು ತಾನೇ ಒಂದಿಷ್ಟು ಸೇರಿಸಿದ: “ಇಂದು ಸಂಜೆ ಆರಕ್ಕೆ ಮಗ್ಗವೀರ ಎಂಬ ಹೊಸ ಆಟ! ಸಕುಟುಂಬ ಪರಿವಾರ ಸಮೇತ ಬಂದು ನೋಡಿ ಆನಂದಿಸಿ!”

ರಾತ್ರಿಯಿಡೀ ವೇಷ ಕಟ್ಟಿ ಕುಣಿಯುವ ಬಯಲಾಟ ಎಂದರೆ ಊಟ ಬಿಟ್ಟು ಬರುವ ಸೀಮೆ ನಮ್ಮದು. ಇಲ್ಲಿ ಮೈಕಿನಲ್ಲಿ ‘ಆಟ’ ಎಂದು ಕೂಗಿದರೆ ಏನಾಗುತ್ತದೆ ಎಂಬುದು ನನ್ನ ಮಂಡೆಗೆ ಹೊಳೆಯಲಿಲ್ಲ. ಐದೂವರೆಗೇ ಚಾಪೆ, ಕಂಬಳಿ, ಕಡಲೆಕಾಯಿ ಸಮೇತ ಜನ ಬರತೊಡಗಿದರು. ನನಗೋ ಆನಂದ! ವಿಡಿಯೋ ಗೇಮಿಗೆ ಚಾಪೆ ಯಾಕೆ ಎಂದು ಕೇಳುವ ಬುದ್ಧಿಯೂ ಬರಲಿಲ್ಲ.

“ಏನಪ್ಪಾ, ವೇಷ ಯಾರ ಮನ್ಯಾಗೆ ಕಟ್ತಾ ಅವ್ರೆ?” ಎಂದ ಎದುರು ಮನೆಯ ತಿಪ್ಪಣ್ಣಜ್ಜ.

ಓಡಿಹೋಗಿ ಅಜ್ಜನ ಕೈ ಹಿಡಿದೆ. “ಅಜ್ಜಾ, ಇದು ಬಯಲಾಟ ಅಲ್ಲ! ಪೆಟ್ಟಿಗ್ಯಾಗೆ ಆಡೋ ಆಟ!”

“ಓಹೋ, ತೊಗಲುಬೊಂಬೆ!” ಎಂದು ಅಜ್ಜ ಕಂಬಳಿ ಹಾಸಿಯೇಬಿಟ್ಟ.

ಅಷ್ಟರಲ್ಲಿ ಬಸ್ಸಿಳಿದು ಬಂದ ಮಂಜುನಾಥ ಜನ ನೋಡಿ ಬಾಯಿ ಬಿಟ್ಟ. “ಇಷ್ಟು ಜನಾನಾ ಭಾವ!” ನನಗೆ ಬೇಕಾಗಿದ್ದವರು ಬರೀ ನಾಲ್ಕು ಜನ! ಹಿಂದಿನ ಬೀದಿಯ ನೇಕಾರಗಿತ್ತಿ ಲಕ್ಷ್ಮಕ್ಕನನ್ನು ಎಳೆತಂದು ಕಂಪ್ಯೂಟರ್ ಮುಂದೆ ಕೂರಿಸಿದೆ. “ಅಕ್ಕಾ, ಇದು ಮಗ್ಗ. ಈ ಕೀ ಒತ್ತಿ ಲಾಳಿ ಓಡಿಸ್ರಿ.”

“ಬೆಳಿಗ್ಗಿಂದ ಮಗ್ಗದಾಗೆ ಸೊಂಟ ಮುರ್ಕಂಡು ಬಂದೀನಿ. ಇಲ್ಲೂ ನೇಯ್ಬೇಕಾ? ಕೂಲಿ ಯಾರು ಕೊಡ್ತಾರೆ?” ಎಂದು ಅಕ್ಕ ಎದ್ದೇ ಹೋದಳು.

ಇನ್ನೊಬ್ಬರನ್ನು ಹಿಡಿದು ತರೋಣವೆಂದರೆ ಕರೆಂಟ್ ಹೋಯಿತು!

ಹೊರಗೆ ಶಿಳ್ಳೆ, ಕೂಗು. “ಲೇ, ಆಟ ಶುರು ಮಾಡ್ರೋ!” ಬಾಗಿಲಿಗೆ ಒಂದು ಚಪ್ಪಲಿ ಬಂದು ಬಡಿಯಿತು.

“ಏನಾದ್ರೂ ಮಾಡ್ರಿ! ಬಾಗಿಲು ಮುರೀತಾರೆ!” ಎಂದು ಪದ್ಮ ನನ್ನನ್ನು ಜಗುಲಿಗೆ ತಳ್ಳಿದಳು.

ನಿಜ ಹೇಳುತ್ತೇನೆ, ಅಳುವೇ ಬಂದಿತ್ತು. ವಿವರಿಸಲು ಹೋದೆ, ಗದ್ದಲದಲ್ಲಿ ಯಾರಿಗೆ ಕೇಳಬೇಕು? ಕೊನೆಗೆ ಅಭಿನಯಿಸಿ ತೋರಿಸಿದೆ. “ನಾನೇ ಲಾಳಿ!” ಎಂದು ಜಗುಲಿಯ ಈ ತುದಿಯಿಂದ ಆ ತುದಿಗೆ ಓಡಿದೆ. ತಿಪ್ಪಣ್ಣಜ್ಜ ಬಿಂದಿಗೆ ಬೋರಲು ಹಾಕಿ ತಾಳ ಹಿಡಿದ. ತಾಳ ಏರಿತು, ನನ್ನ ಓಟವೂ ಏರಿತು. ಪಂಚೆ ಕಾಲಿಗೆ ತೊಡರಿತು. “ಎಳೆ ಹರೀತು!” ಎಂದು ಧಡಾರನೆ ಬಿದ್ದೆ.

“ಒನ್ಸ್ ಮೋರ್!” ಎಂದಿತು ಜನ. ಮತ್ತೆ ಓಡಿದೆ. ಮತ್ತೆ ಬಿದ್ದೆ.

ಎಲ್ಲರೂ ಕಣ್ಣೊರೆಸಿಕೊಂಡು ನಗುತ್ತಾ ಮನೆಗೆ ಹೋದ ಮೇಲೆ ಮಂಜುನಾಥ ಬಹಳ ಗೌರವದಿಂದ ಕಂಪ್ಯೂಟರಿನ ವೈರು ಸುತ್ತತೊಡಗಿದ. “ಭಾವ, ನಿಮ್ಮ ಆಟಕ್ಕೆ ಕಂಪ್ಯೂಟರ್ ಬೇಕೇ ಇಲ್ವಲ್ಲಾ!”

ಮಗ್ಗವೀರ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾದ. ಆಡಿದವನು ಮಾತ್ರ ನಾನೊಬ್ಬನೇ.